ಎರಡು ಎಷ್ಟು ದಿನ ಇರಬೇಕು

೨೦ ಜನವರಿ ೨೦೨೫, ಸೋಮವಾರ

ದೊಡ್ಡಬಳ್ಳಾಪುರ. ಮಕ್ಕಳ ಉಪಶಮನ ವಾರ್ಡು. ಗುಣವಾಗದ ಕಾಯಿಲೆಯ ಮಕ್ಕಳಿಗೆ ನೋವು ಕಡಿಮೆ ಮಾಡುವುದಷ್ಟೇ ಇಲ್ಲಿಯ ಕೆಲಸ. ಐದು ಮಂಚ. ಇವತ್ತಿನದೂ ಸೇರಿ ಮೂರು ಮಕ್ಕಳು. ನನ್ನ ಪಾಳಿ ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕು. ಶಸ್ತ್ರಚಿಕಿತ್ಸೆ ವಾರ್ಡಿನಿಂದ ನನ್ನನ್ನು ಇಲ್ಲಿಗೆ ಹಾಕಿ ಇಪ್ಪತ್ತಾರು ದಿನವಾಯಿತು.

ಇಲ್ಲಿ ಕೆಲಸ ಮಾಡುವವರು ಮನೆಗೆ ಹೋಗಿ ಯಾರ ಹತ್ತಿರವಾದರೂ ಮಾತಾಡಬೇಕು, ಇಲ್ಲವಾದರೆ ಬರೆಯಬೇಕು ಎಂದು ಡಾ. ಶ್ರೀಧರ್ ಹೇಳಿದ್ದಾರೆ. ನಮ್ಮ ಮನೆಯಲ್ಲಿರುವುದು ಅಮ್ಮ ಒಬ್ಬಳೇ. ಅವಳಿಗೆ ಕಿವಿ ಕೇಳಿಸುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಹನ್ನೊಂದು ಹತ್ತಕ್ಕೆ ಹೊಸ ದಾಖಲಾತಿ. ಕೀರ್ತನ, ಹತ್ತು ವರ್ಷ, ಇಪ್ಪತ್ತೊಂದು ಕೆ.ಜಿ. ಎಡ ತೊಡೆಯ ಮೂಳೆಯಲ್ಲಿ ಗೆಡ್ಡೆ, ಎರಡೂ ಶ್ವಾಸಕೋಶಕ್ಕೆ ಹರಡಿದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ನಿಲ್ಲಿಸಿ ಇಲ್ಲಿಗೆ ಕಳುಹಿಸಿದ್ದಾರೆ. ಊರು ಮಾಕಳಿದುರ್ಗದ ಬೆಟ್ಟದ ಹಿಂದೆ. ಜೊತೆಗೆ ತಾಯಿ ಭಾನುಪ್ರಿಯಾ. ನಾಲ್ಕನೇ ಮಂಚ ಕೊಟ್ಟೆ. ಮಾರ್ಫಿನ್ ಸಿರಪ್ಪು ನಾಲ್ಕು ಗಂಟೆಗೊಮ್ಮೆ, ಎರಡೂವರೆ ಎಂಎಲ್.

ನೋವು ಅಳೆಯುವ ಹಾಳೆ ತೋರಿಸಿದೆ. ಅದರಲ್ಲಿ ಆರು ಮುಖಗಳಿವೆ. ನಗುವ ಮುಖಕ್ಕೆ ಸೊನ್ನೆ, ಆಮೇಲೆ ಎರಡು, ನಾಲ್ಕು, ಆರು, ಎಂಟು. ಅಳುವ ಮುಖಕ್ಕೆ ಹತ್ತು. ಮಗು ಯಾವ ಮುಖದ ಮೇಲೆ ಬೆರಳಿಡುತ್ತದೆಯೋ ಆ ಅಂಕಿಯನ್ನು ನಾವು ಬರೆಯುತ್ತೇವೆ. ಔಷಧಿಯ ಪ್ರಮಾಣ ನಿಲ್ಲುವುದು ಆ ಅಂಕಿಯ ಮೇಲೆ.

“ಹೋದ ಆಸ್ಪತ್ರೇಲೂ ಇದೇ ಇತ್ತು. ಅಲ್ಲಿ ಇವಕ್ಕೆ ಮೂಗಿರ್ಲಿಲ್ಲ” ಎಂದಳು. ಎಂಟರ ಮೇಲೆ ಬೆರಳಿಟ್ಟಳು. ಆಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದಳು: ಮನೆಗೆ ಯಾವಾಗ? ಎಲ್ಲರಿಗೂ ಹೇಳುವುದನ್ನೇ ಹೇಳಿದೆ: “ನಿನ್ನ ಬೆರಳು ಎರಡರ ಹತ್ರ ಬಂದ್ರೆ ಮನೆಗೆ.” ಹೀಗೆ ಹೇಳಿದರೆ ಮಕ್ಕಳು ಕಹಿ ಔಷಧಿಯನ್ನು ಹಠವಿಲ್ಲದೆ ಕುಡಿಯುತ್ತಾರೆ.

ಆಯಾ ಮುನಿವೆಂಕಟಮ್ಮ ಇವತ್ತೂ ಮಗುವಿನ ಮಂಚದ ಮೇಲೆ ಕೂತಿದ್ದರು. ಕೂರಬಾರದು ಎಂದು ಇದು ಮೂರನೇ ಸಲ ಹೇಳಿದ್ದು. ಶಸ್ತ್ರಚಿಕಿತ್ಸೆ ವಾರ್ಡಿನ ಹದಿಮೂರು ವರ್ಷದಲ್ಲಿ ನಾನು ಒಮ್ಮೆಯೂ ರೋಗಿಯ ಮಂಚದ ಮೇಲೆ ಕೂತಿಲ್ಲ.

ನೆಲಮಂಗಲದ ಬಸ್ಸಿನಲ್ಲಿ ಮೂವತ್ತೊಂದು ಪುಟ ಓದಿದೆ. ಹಿಮ ಬೀಳುವ ಯಾವುದೋ ಊರಿನ ಕಾದಂಬರಿ, ಕನ್ನಡಕ್ಕೆ ಬಂದದ್ದು. ನನಗೆ ಅನುವಾದಗಳೇ ಇಷ್ಟ. ಪ್ರತಿಯೊಂದು ಪದವನ್ನೂ ಒಬ್ಬರು ಆಗಲೇ ಅನುಮಾನಿಸಿ ನೋಡಿರುತ್ತಾರೆ.

೨೨ ಜನವರಿ, ಬುಧವಾರ

ಕೀರ್ತನಳ ನೋವಿನ ಅಂಕಿ: ಬೆಳಗ್ಗೆ ನಾಲ್ಕು, ಮಧ್ಯಾಹ್ನ ಎರಡು. ಔಷಧಿ ಹಿಡಿಯುತ್ತಿದೆ. ರೌಂಡ್ಸಿನಲ್ಲಿ ಹೇಳಿದೆ, ಡಾ. ಶ್ರೀಧರ್ “ಒಳ್ಳೇದು, ಇದೇ ಇರ್ಲಿ” ಎಂದರು.

ಒಂದು ಗಂಟೆಗೆ ಅವಳ ತಂದೆ ಬೈಕಿನಲ್ಲಿ ಊಟ ತಂದರು. ಹೆಸರು ಮುನಿಕೃಷ್ಣ. ಡಬ್ಬಿಯನ್ನು ಬಾಗಿಲಲ್ಲಿ ಹೆಂಡತಿಯ ಕೈಗೆ ಕೊಟ್ಟು ಹೊಸಿಲಿನ ಆಚೆಗೇ ನಿಂತರು. ಮನೆಯಲ್ಲಿ ರೇಷ್ಮೆ ಹುಳು ಸಾಕಿದ್ದಾರೆ. ವಾರ್ಡಿನ ಒಳಗೆ ಹೋದವರು ಹುಳುವಿನ ಮನೆಗೆ ಕಾಲಿಡುವ ಹಾಗಿಲ್ಲವಂತೆ. ಆದ್ದರಿಂದ ಮನೆಯವರು ಎರಡು ಪಾಲಾಗಿದ್ದಾರೆ: ತಾಯಿ ಮಗಳ ಕಡೆಗೆ, ತಂದೆ ಮತ್ತು ಅಜ್ಜಿ ಹುಳುಗಳ ಕಡೆಗೆ.

ಮುನಿವೆಂಕಟಮ್ಮ ಬಿಡಲಿಲ್ಲ. “ಏನಪ್ಪಾ ಮುನಿಕೃಷ್ಣ, ಗರ್ಭಗುಡಿ ಮುಂದೆ ನಿಂತಂಗೆ ನಿಂತಿದೀಯ? ಒಳಕ್ಕೆ ಬಾ.”

“ಬ್ಯಾಡ ಕಣಮ್ಮ. ಫಿನಾಯಿಲ್ ವಾಸ್ನೆ ಹತ್ಕೊಂಡ್ರೆ ಹುಳ ಸೊಪ್ಪು ಬಿಟ್ಬಿಡ್ತವೆ.”

“ಹದಿನೆಂಟು ವರ್ಷದಿಂದ ನನ್ ಮೈಯೆಲ್ಲ ಅದೇ ವಾಸ್ನೆ. ನನ್ ಗಂಡ ಒಂದ್ ದಿನಾನಾದ್ರೂ ಮುದ್ದೆ ಬಿಟ್ನಾ, ಕೇಳು.”

ಕೀರ್ತನ ನಕ್ಕಳು. ಆಮೇಲೆ ಕೆಮ್ಮಿದಳು. “ಅಪ್ಪ, ಎದ್ವಾ?” ಎಂದು ಮಂಚದಿಂದಲೇ ಕೇಳಿದಳು.

“ಇನ್ನ ಜ್ವರದಾಗೆ ಅವೆ. ನಾಳೆ ಎದ್ದೇಳ್ತವೆ.”

ಹುಳುಗಳು ಮೇವು ಬಿಟ್ಟು ಪೊರೆ ಕಳಚುವ ದಿನಕ್ಕೆ ಅವರು ಜ್ವರ ಎನ್ನುತ್ತಾರೆ. ಇದು ಮೂರನೆಯದು. ಇನ್ನೊಂದು ಆಗಬೇಕು. ಅದಾಗಿ ಏಳೆಂಟು ದಿನಕ್ಕೆ ಹುಳು ಹಣ್ಣಾಗಿ ಗೂಡು ಕಟ್ಟುತ್ತವೆ. ಇದನ್ನೆಲ್ಲ ಕೀರ್ತನ ನನಗೆ ವಿವರಿಸಿದಳು. ನಾನು ಒಂದು ದಿನ ತಪ್ಪು ಎಣಿಸಿದ್ದಕ್ಕೆ ತಿದ್ದಿದಳು.

ಇಪ್ಪತ್ತೆರಡು ಪುಟ.

೨೪ ಜನವರಿ, ಶುಕ್ರವಾರ

ಎಲ್ಲ ಹೊತ್ತೂ ಎರಡು. ರಾತ್ರಿ ಪಾಳಿಯವರು ಬರೆದದ್ದೂ ಎರಡು. ನೋವಿನ ನಕ್ಷೆಯ ಗೆರೆ ನೇರವಾಗಿದೆ.

ಮಾರ್ಫಿನ್ ಕಪಾಟಿಗೆ ಎರಡು ಬೀಗ. ಒಂದು ಕೀಲಿ ನನ್ನ ಹತ್ತಿರ, ಇನ್ನೊಂದು ಡಾಕ್ಟರ ಹತ್ತಿರ. ತೆಗೆದಾಗಲೆಲ್ಲ ಇಬ್ಬರ ಸಹಿ. ಇವತ್ತು ಸಹಿ ಹಾಕುವಾಗ ಮುನಿವೆಂಕಟಮ್ಮ ಹಿಂದೆ ಬಂದು ನಿಂತರು.

“ಸಿಸ್ಟರ್, ನೀವು ಹಾಳೆ ಹಿಡಿದಾಗ ಎರಡು. ನೀವು ಆ ಕಡೆ ತಿರುಗಿದ ಮೇಲೆ ಒಂದ್ ಸಲ ಆ ಮಗೂನ ಕಾಲ್ಬೆರಳು ನೋಡಿ.”

“ಏನು ಕಾಲ್ಬೆರಳು?”

“ಮಡಚ್ಕೊಂಡಿರ್ತೈತೆ, ಕೋಳಿ ಉಗುರಂಗೆ. ಎರಡು ಅನ್ನೋ ಮಗು ಕಾಲ್ಬೆರಳು ಹಂಗಿರಲ್ಲ.”

ನಾಡಿ ನೋಡಿದೆ. ನಿಮಿಷಕ್ಕೆ ನೂರ ಇಪ್ಪತ್ತೆಂಟು. ರಕ್ತ ಕಡಿಮೆಯಿದ್ದರೂ ಅಷ್ಟಿರಬಹುದು. ಮತ್ತೆ ಹಾಳೆ ಹಿಡಿದೆ. ಎರಡು ಎಂದಳು, ನಗುತ್ತಾ. ಆಯಾ ಕೆಲಸ ಮಾಡಿಕೊಂಡಿದ್ದರೆ ಸಾಕು ಎಂದು ಮುನಿವೆಂಕಟಮ್ಮನಿಗೆ ಹೇಳಿದೆ. ಅದನ್ನು ಹೇಳಬೇಕಾಗಿರಲಿಲ್ಲ.

ಒಂಬತ್ತು ಪುಟ. ಅದರಲ್ಲಿ ನಾಲ್ಕನ್ನು ಎರಡು ಸಲ.

೨೫ ಜನವರಿ, ಶನಿವಾರ

ಬೆಳಗ್ಗೆ ಹೋದಾಗ ಒಂದನೇ ಮಂಚಕ್ಕೆ ಹೊಸ ಬಟ್ಟೆ ಹಾಸಿದ್ದರು. ಅಲ್ಲಿದ್ದ ಮಗುವಿನ ವಯಸ್ಸು ಮೂರು. ವಾರ್ಡಿನ ಪುಸ್ತಕದಲ್ಲಿ ಬರೆದ ಸಮಯ ೪.೫೦. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಕೀರ್ತನ ಎರಡು. ಕಾಲ್ಬೆರಳು ಹೊದಿಕೆಯ ಒಳಗಿದ್ದವು.

೨೭ ಜನವರಿ, ಸೋಮವಾರ

ಇವತ್ತಿನದನ್ನು ಕ್ರಮವಾಗಿ ಬರೆಯುತ್ತೇನೆ.

ಎಂಟೂವರೆಗೆ ಕೀರ್ತನಳ ಹಾಸಿಗೆ ಬಟ್ಟೆ ಬದಲಿಸಿದೆ. ದಿಂಬಿನ ಒಂದು ಮೂಲೆ ಹರಿದಿತ್ತು. ಕತ್ತರಿಸಿದ್ದಲ್ಲ, ಅಗಿದದ್ದು. ಬಟ್ಟೆ ಒದ್ದೆಯಾಗಿತ್ತು, ನೂಲು ಎದ್ದಿತ್ತು. ನಾನು ಅದನ್ನು ನೋಡುತ್ತಿರುವುದನ್ನು ಅವಳು ನೋಡಿದಳು. ತಾಯಿ ಬಿಸಿನೀರು ತರಲು ಹೋಗಿದ್ದರು.

ಹಾಳೆ ಹಿಡಿಯುವ ಮೊದಲೇ ಅವಳು ಕೇಳಿದಳು: “ಎರಡು ಎಷ್ಟು ದಿನ ಇರ್ಬೇಕು ಸಿಸ್ಟರ್?”

“ಅಂದ್ರೆ?”

“ಬೆರಳು ಎರಡರ ಹತ್ರ ಬಂದ್ರೆ ಮನೆಗೆ ಅಂದ್ರಲ್ಲ. ಐದು ದಿನ ಆಯ್ತು. ಎಷ್ಟು ದಿನ ಅಂತ ನೀವು ಹೇಳ್ಲೇ ಇಲ್ಲ.”

ಪ್ರಶ್ನೆ ಸರಿಯಾಗಿತ್ತು. ನಾನು ಒಂದು ನಿಯಮ ಹೇಳಿದ್ದೆ. ಅವಳು ಅದನ್ನು ಪಾಲಿಸಿ, ಬಿಟ್ಟುಹೋದದ್ದನ್ನು ಕೇಳುತ್ತಿದ್ದಳು.

“ಈಗ ನಿಜವಾಗಿ ಎಷ್ಟು?” ಎಂದೆ.

ಬಾಗಿಲ ಕಡೆ ನೋಡಿದಳು. “ಅಮ್ಮಂಗೆ ಹೇಳಲ್ಲ ತಾನೆ?” ಬೆರಳು ಎಂಟರ ಮೇಲೆ ಹೋಯಿತು. ಅಲ್ಲಿ ನಿಲ್ಲಲಿಲ್ಲ. ಹತ್ತರ ಹತ್ತಿರ ಹೋಗಿ ನಡುವೆ ನಿಂತಿತು. ಆ ಹಾಳೆಯಲ್ಲಿ ಒಂಬತ್ತಕ್ಕೆ ಮುಖವಿಲ್ಲ.

ಅಷ್ಟರಲ್ಲಿ ಭಾನುಪ್ರಿಯಾ ಬಂದು ನೋಡಿಬಿಟ್ಟರು. ಫ್ಲಾಸ್ಕು ಕೆಳಗಿಟ್ಟು, “ನಂಗೊತ್ತಿತ್ತು ಸಿಸ್ಟರ್. ರಾತ್ರಿಯೆಲ್ಲ ದಿಂಬು ಕಚ್ತಾಳೆ. ಹೇಳ್ಬೇಡಮ್ಮ, ಹೇಳಿದ್ರೆ ಕಳ್ಸಲ್ಲ ಅಂತಾಳೆ. ಮನೆಗೆ ಹೋಗ್ಬೇಕು ಅನ್ನೋ ಮಗು ಬಾಯಿ ಹೆಂಗೆ ಮುಚ್ಚಿಸ್ಲಿ?” ಎಂದರು. ನನ್ನ ಮೇಲೆ ಕೋಪವಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ಡಾ. ಶ್ರೀಧರ್ ಹೊರರೋಗಿ ವಿಭಾಗದಲ್ಲಿದ್ದರು. ಸಾಲಿನಲ್ಲಿದ್ದವರನ್ನು ದಾಟಿಕೊಂಡು ಒಳಗೆ ಹೋದೆ. ಈ ಹಿಂದೆ ಹಾಗೆ ಮಾಡಿರಲಿಲ್ಲ.

“ಸರ್, ಬುಧವಾರದಿಂದ ನಾನು ಬರೆದದ್ದೆಲ್ಲ ತಪ್ಪು.”

ಕೇಳಿಸಿಕೊಂಡರು. “ಮಗು ಹೇಳಿದ್ದನ್ನ ನೀವು ಬರೆದಿದೀರ, ಪದ್ಮಶ್ರೀ.”

“ಹೇಳಿಸಿದ್ದೂ ನಾನೇ ಸರ್.”

ಅವರು ಪೆನ್ನು ಕೆಳಗಿಟ್ಟರು. ಎದ್ದು ನನ್ನ ಜೊತೆ ಬಂದರು. ಪ್ರಮಾಣವನ್ನು ನಾಲ್ಕು ಎಂಎಲ್‌ಗೆ ಏರಿಸಿದರು. ನಡುವೆ ನೋವು ಬಂದರೆ ಕೊಡಲು ಬೇರೆ ಒಂದು ಡೋಸು. ಹತ್ತು ಗಂಟೆಗೆ ಮೊದಲನೆಯದು ಕೊಟ್ಟೆ. ಐದು ದಿನ. ಎಷ್ಟು ಗಂಟೆಯಾಗುತ್ತದೆ ಎಂದು ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ.

ಮುನಿವೆಂಕಟಮ್ಮನಿಗೆ “ನೀವು ಹೇಳಿದ್ದು ಸರಿ” ಎಂದೆ. ಅವರು ಬಕೆಟ್ಟು ಎತ್ತಿಕೊಂಡು, “ಸರಿ ಕಟ್ಕೊಂಡು ಏನ್ ಮಾಡ್ಲಿ ಸಿಸ್ಟರ್, ಮಗು ನಿದ್ದೆ ಮಾಡ್ಲಿ” ಎಂದರು.

೨೮ ಜನವರಿ, ಮಂಗಳವಾರ

ನಿನ್ನೆ ಮಧ್ಯಾಹ್ನ ಮಲಗಿದವಳು ಇವತ್ತು ಬೆಳಗ್ಗೆಯೂ ಎದ್ದಿರಲಿಲ್ಲ. ಔಷಧಿಗೆ ಎಬ್ಬಿಸಿದರೆ ನುಂಗುತ್ತಾಳೆ, ಮತ್ತೆ ಮಲಗುತ್ತಾಳೆ. ಮಾರ್ಫಿನ್ ಹೆಚ್ಚಾದರೆ ಉಸಿರು ಇಳಿಯುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಉಸಿರು ಎಣಿಸಿದೆ. ಹದಿನೆಂಟು. ಹದಿನೇಳು. ಹದಿನೆಂಟು. ಹದಿನಾರು. ಹದಿನಾರು ಬಂದಾಗ ಗಡಿಯಾರ ಸರಿಯಿಲ್ಲವೇನೋ ಎಂದು ಇನ್ನೊಂದರಲ್ಲಿ ಎಣಿಸಿದೆ. ಹದಿನೇಳು.

ಡಾ. ಶ್ರೀಧರ್ ಮೂರು ಸಲ ನೋಡಿ ಹೋದರು. “ಇದು ನಿದ್ದೆ, ಪದ್ಮಶ್ರೀ. ಬರೀ ನಿದ್ದೆ” ಎಂದರು. ಅದು ಪಾಠದ ಪುಸ್ತಕದಲ್ಲೂ ಇದೆ: ನೋವು ಇಳಿದ ಮೇಲೆ ಮಗು ಒಂದೆರಡು ದಿನ ನಿದ್ದೆ ಮಾಡುತ್ತದೆ. ನನಗೆ ಗೊತ್ತಿದೆ. ಆದರೂ ಎಣಿಸಿದೆ.

ಒಂದು ಗಂಟೆಗೆ ಮುನಿಕೃಷ್ಣ ಬಂದು ಬಾಗಿಲಿನಿಂದ ಕೂಗಿದರು. ಅವಳು ಉತ್ತರಿಸಲಿಲ್ಲ. “ಏನ್ ಕೊಟ್ರಿ ಅವ್ಳಿಗೆ? ಮಲಗಿಸ್ಬಿಟ್ರಲ್ಲ ನನ್ ಮಗಳನ್ನ!” ಒಂದು ಕಾಲು ಹೊಸಿಲು ದಾಟಿತು, ಮತ್ತೆ ಹಿಂದಕ್ಕೆ ಹೋಯಿತು. ಹೆಂಡತಿ ಹೊರಗೆ ಕರೆದುಕೊಂಡು ಹೋಗಿ ಏನೋ ಹೇಳಿದರು. ಊಟದ ಡಬ್ಬಿ ಬಾಗಿಲಲ್ಲೇ ಉಳಿಯಿತು.

ನಾಲ್ಕರ ಬಸ್ಸಿಗೆ ಹೋಗಲಿಲ್ಲ. ಐದೂ ನಲವತ್ತಕ್ಕೆ ಕೀರ್ತನ ಕಣ್ಣು ಬಿಟ್ಟು, “ಹಸಿವು” ಎಂದಳು. ಅನ್ನಕ್ಕೆ ಹುರುಳಿ ಸಾರು ಕಲಸಿ ತಾಯಿ ತಿನ್ನಿಸಿದರು. ಏಳು ತುತ್ತು. ಬಂದ ದಿನದಿಂದ ಮೂರು ತುತ್ತಿಗಿಂತ ಹೆಚ್ಚು ತಿಂದಿರಲಿಲ್ಲ.

ಕಾಲ್ಬೆರಳುಗಳು ಬಿಡಿಬಿಡಿಯಾಗಿ ಸಡಿಲವಾಗಿದ್ದವು. ಮಂಚದ ಕೊನೆಯಲ್ಲಿ ಕೂತಿದ್ದರಿಂದ ಕಂಡವು.

೩೦ ಜನವರಿ, ಗುರುವಾರ

ಎರಡು, ನಾಲ್ಕು, ಎರಡು. ಇವು ನಿಜ ಎಂದು ನನಗೆ ಹೇಗೆ ಗೊತ್ತು? ನಾಲ್ಕು ಎಂದಾಗ ಮುಖ ಸಿಂಡರಿಸಿ, ಬೇಗ ಕೊಡಿ ಎಂದು ಗದರಿದಳು.

ಅದಕ್ಕೂ ಮೊದಲು ಅವಳಿಗೆ ಹೇಳಿದೆ. ಹೇಗೆ ಹೇಳಬೇಕೆಂದು ನಿನ್ನೆಯೆಲ್ಲ ಮನಸ್ಸಿನಲ್ಲೇ ತಿದ್ದಿಕೊಂಡಿದ್ದೆ. ಕೊನೆಗೆ ಬಂದದ್ದು ಇಷ್ಟು: “ಬೆರಳು ಎರಡರ ಹತ್ರ ಬಂದ್ರೆ ಮನೆಗೆ ಅಂದಿದ್ದು ನನ್ನ ತಪ್ಪು. ನೀನು ಮನೆಗೆ ಹೋಗೋದಕ್ಕೂ ಈ ಹಾಳೆಗೂ ಸಂಬಂಧ ಇಲ್ಲ. ನೋವಿದ್ರೆ ಔಷಧಿ ಜೊತೆಗೇ ಕಳಿಸ್ತೀವಿ.”

ಹಾಳೆಯನ್ನು ನನ್ನ ಕಡೆಗೆ ತಳ್ಳಿದಳು. “ಹಂಗಾದ್ರೆ ಸುಮ್ಸುಮ್ನೆ ಹಲ್ಲು ಕಚ್ಕೊಂಡಿದ್ನಾ ನಾನು?”

“ಹೌದು.”

ಗೋಡೆಯ ಕಡೆ ತಿರುಗಿದಳು. ಮಧ್ಯಾಹ್ನದವರೆಗೆ ನನ್ನ ಜೊತೆ ಮಾತಾಡಲಿಲ್ಲ. ಔಷಧಿಯನ್ನು ಮುನಿವೆಂಕಟಮ್ಮನ ಕೈಯಿಂದಲೇ ಕೊಡಿಸಬೇಕೆಂದಳು. ಸಿರಿಂಜನ್ನು ನಾನು ತುಂಬಿದೆ, ಅವರು ಬಾಯಿಗೆ ಹಾಕಿದರು.

ಎಕ್ಸ್‌ರೇ ಬಂತು. ಡಾ. ಶ್ರೀಧರ್ ಭಾನುಪ್ರಿಯಾರನ್ನೂ ನನ್ನನ್ನೂ ಕೋಣೆಗೆ ಕರೆದರು. ಎದೆಯ ಬಲಗಡೆ ನೀರು ತುಂಬುತ್ತಿದೆ. ಅವಳಿಗೆ ಇನ್ನು ಕೆಲವು ದಿನ. ಹೆಚ್ಚೆಂದರೆ ಒಂದು ವಾರ. “ಮನೆಗೆ ಕರ್ಕೊಂಡು ಹೋಗೋ ಹಾಗಿದ್ರೆ ಈಗ. ಮುಂದಿನ ವಾರ ಪ್ರಯಾಣ ಕಷ್ಟ ಆಗುತ್ತೆ.”

ಭಾನುಪ್ರಿಯಾ ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದರು. ನಾವಿಬ್ಬರೂ ಎದುರಿಗಿದ್ದೆವು, ಮುನಿಕೃಷ್ಣರ ಧ್ವನಿ ಕೇಳಿಸುತ್ತಿತ್ತು. ಹುಳು ನಾಲ್ಕನೇ ಜ್ವರದಿಂದ ಇವತ್ತೇ ಎದ್ದಿವೆ. ಹಣ್ಣಾಗಲು ಇನ್ನು ಎಂಟು ದಿನ. ಅವು ಗೂಡಿಗೆ ಹತ್ತಲಿ, ಆಮೇಲೆ ಕರೆದುಕೊಂಡು ಬರೋಣ. ಈಗ ಅವ್ವ ಒಪ್ಪುವುದಿಲ್ಲ.

“ಎಂಟು ದಿನ ಇಲ್ಲ ಕಣ್ರೀ” ಎಂದರು ಭಾನುಪ್ರಿಯಾ. ಆ ಕಡೆಯಿಂದ “ಅವ್ವ ಒಪ್ಪಲ್ಲ” ಎಂದು ಮತ್ತೆ ಕೇಳಿಸಿತು.

ಬಸ್ಸು ನಡುದಾರಿಯ ಮಧುರೆ ಊರು ದಾಟಿದ್ದು ಗೊತ್ತಾಗಲಿಲ್ಲ.

೩೧ ಜನವರಿ, ಶುಕ್ರವಾರ

ಮುನಿಕೃಷ್ಣರ ಜೊತೆ ಬಾಗಿಲಲ್ಲಿ ಮಾತಾಡಿದೆ. ಹುಳುಗಳಿರುವುದು ಎಲ್ಲಿ, ಮಗು ಮಲಗುವುದು ಎಲ್ಲಿ ಎಂದು ಕೇಳಿದೆ. ಮರ್ಯಾದೆಯಿಂದಲೇ ಉತ್ತರಿಸಿದರು, ಆದರೆ ಮುಖ ನೋಡಲಿಲ್ಲ. ಎಲ್ಲದಕ್ಕೂ ಕೊನೆಗೆ “ನಮ್ಮವ್ವ ಒಪ್ಪಲ್ಲ ಮೇಡಂ.”

ಕೀರ್ತನಳೂ ಅವರ ಕಡೆಗೇ. “ಹುಳ ಹತ್ಲಿ ಸಿಸ್ಟರ್, ಆಮೇಲೆ ಹೋಗ್ತೀನಿ. ನನ್ನಿಂದ ಬೆಳೆ ಹಾಳಾದ್ರೆ?” ಇವತ್ತು ನನ್ನ ಜೊತೆ ಮಾತಾಡುತ್ತಿದ್ದಾಳೆ. ಮನೆಯಲ್ಲಿ ಗೋಡೆಗೆ ಕಿವಿಯಿಟ್ಟು ಮಲಗಿದರೆ ಆಚೆ ಹುಳುಗಳು ಸೊಪ್ಪು ಮೇಯುವ ಸದ್ದು ಕೇಳುತ್ತದಂತೆ. ಆ ಸದ್ದಿಗೇ ನಿದ್ದೆ ಬರುತ್ತದಂತೆ. ಇಲ್ಲಿಯ ಗೋಡೆಗೂ ಕಿವಿಯಿಟ್ಟು ನೋಡಿದಳಂತೆ. “ಆ ಕಡೆ ಬರೀ ಲಿಫ್ಟು.”

ಮಾತಿನ ನಡುವೆ ಎರಡು ಸಲ ಉಸಿರಿಗೆ ನಿಲ್ಲಿಸಿದಳು. ನಿನ್ನೆ ಒಂದು ಸಲ.

ಒಂದು ಚೀಟಿಯ ಮೇಲೆ ಒಂದು ಕಡೆ ಹುಳುಗಳ ದಿನ, ಇನ್ನೊಂದು ಕಡೆ ಡಾಕ್ಟರು ಹೇಳಿದ ದಿನ ಬರೆದೆ. ಹರಿದು ಹಾಕಿದೆ. ಮತ್ತೆ ಬರೆದೆ.

೧ ಫೆಬ್ರವರಿ, ಶನಿವಾರ

ಹತ್ತು ಗಂಟೆಗೆ ಒಬ್ಬ ಮುದುಕಿ ಸೀದಾ ವಾರ್ಡಿನೊಳಗೆ ಬಂದರು. ಚಪ್ಪಲಿ ಬಿಡಲಿಲ್ಲ, ಯಾರನ್ನೂ ಕೇಳಲಿಲ್ಲ. “ಯಾರವ್ವ ಇಲ್ಲಿ ದೊಡ್ಡೋರು?” ಮುನಿವೆಂಕಟಮ್ಮ ನನ್ನ ಕಡೆ ತೋರಿಸಿದರು.

“ಕದಿರಮ್ಮ ನಾನು. ಇವ್ಳ ಅಜ್ಜಿ. ನಾನು ಬ್ಯಾಡ ಅಂದೆ ಅಂತ ನಿಂಗೆ ಹೇಳಿದೋರು ಯಾರು?”

ಹಿಂದಿನ ದಿನ ಸಂಜೆ ಭಾನುಪ್ರಿಯಾ ಅತ್ತೆಗೇ ನೇರವಾಗಿ ಫೋನ್ ಮಾಡಿದ್ದರು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಗಂಡನನ್ನು ದಾಟಿ ಅತ್ತೆಯನ್ನು ಕೇಳಿದ್ದು ಇದೇ ಮೊದಲು ಎಂದು ಆಮೇಲೆ ಹೇಳಿದರು.

“ಹುಳದ ಮನೆಗೆ ಬ್ಯಾಡ ಅಂದೆ ಕಣವ್ವ. ಮನೆಗೆ ಬ್ಯಾಡ ಅಂತ ಯಾವತ್ತಂದೆ? ಹುಳದ ಮನೆ ಬೇರೆ ಕಟ್ಟಿ ಒಂಬತ್ತು ವರ್ಸ ಆಯ್ತು. ಮಧ್ಯೆ ಗೋಡೆ ಐತೆ, ಬಾಗ್ಲು ಬೇರೆ ಐತೆ. ನಮ್ ಮಗು ನಮ್ ಮನೆಗೆ ಬರೋಕೆ ಹುಳ ಕೇಳ್ಬೇಕಾ?”

ಮಂಚದ ಮೇಲೆ ಕೂತು ಕೀರ್ತನಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡರು. “ಅಜ್ಜೀ, ನೀನು ಒಳಗೆ ಬಂದ್ಬಿಟ್ಯಲ್ಲ! ಇನ್ನ ಹುಳದ ಮನೆಗೆ ಹೋಗಂಗಿಲ್ಲ” ಎಂದು ಕೀರ್ತನ ಗಾಬರಿಯಾದಳು.

“ಹೋಗಲ್ಲ ಬಿಡು. ನಿಮ್ಮಪ್ಪ ಒಬ್ನೇ ಹಾಕ್ಲಿ ಸೊಪ್ಪು. ಗೊತ್ತಾಗ್ಲಿ ಅವ್ನಿಗೆ.”

ಒಂದು ಗಂಟೆಗೆ ಮುನಿಕೃಷ್ಣ ಬಂದರು. ಒಳಗೆ ತಾಯಿಯನ್ನು ನೋಡಿ ಡಬ್ಬಿ ಹಿಡಿದುಕೊಂಡೇ ನಿಂತರು.

“ಬಾರ್ಲಾ ಒಳಕ್ಕೆ” ಎಂದರು ಕದಿರಮ್ಮ. “ನನ್ ಹೆಸರು ಯಾಕ್ಲಾ ಹೇಳ್ದೆ?”

ಅವರು ಬರಲಿಲ್ಲ. ಆ ಅಜ್ಜಿ ಎದ್ದು ಬಾಗಿಲಿಗೆ ಹೋದರು. ನಾನು ಔಷಧಿಯ ಟ್ರೇ ಹಿಡಿದು ಪಕ್ಕದಲ್ಲೇ ಇದ್ದೆ. ಅಲ್ಲಿಂದ ಸರಿಯಬೇಕಿತ್ತು, ಸರಿಯಲಿಲ್ಲ.

“ಅವ್ವ, ಮನೇಲಿ ಅವಳು ಕಿರುಚ್ಕೊಂಡ್ರೆ ನಾನೇನ್ ಮಾಡ್ಲಿ? ಡಿಸೆಂಬರಾಗೆ ಒಂದಿನ ಹನ್ನೊಂದು ಗಂಟೆಗೆ ಶುರುವಾಗಿದ್ದು ಬೆಳಗಾದ್ರೂ ನಿಲ್ಲಿಲ್ಲ. ನೀನು, ಇವ್ಳು ಹಿಡ್ಕೊಂಡಿದ್ರಿ. ನಾನೆಲ್ಲಿದ್ದೆ ಗೊತ್ತಾ? ಗಾಡಿ ತರೋಕೆ ಹೋಗ್ತೀನಿ ಅಂದೆ. ಎಲ್ಲೂ ಹೋಗ್ಲಿಲ್ಲ. ಸೊಪ್ಪಿನ ತೋಟದಾಗೆ ಕಿವಿ ಮುಚ್ಕೊಂಡು ಕೂತಿದ್ದೆ.”

ಸಣ್ಣ ಧ್ವನಿಯಲ್ಲೇ ಹೇಳಿದರು. ಮಂಚದವರೆಗೆ ಕೇಳಿಸಿರಲಾರದು. ಕೇಳಿಸಿರಲೂಬಹುದು.

ಕದಿರಮ್ಮ ಬಯ್ಯಲಿಲ್ಲ. ಡಬ್ಬಿಯನ್ನು ಅವರ ಕೈಯಿಂದ ತೆಗೆದುಕೊಂಡು, “ಗೊತ್ತು. ಅವತ್ತು ಬೆಳಗ್ಗೆ ಕೆಸರು ಕಾಲಲ್ಲಿ ಬಂದ್ಯಲ್ಲ” ಎಂದರು.

ಮುನಿಕೃಷ್ಣ ಹೊಸಿಲು ದಾಟಿದರು. ನಾಲ್ಕನೇ ಮಂಚದವರೆಗೆ ಒಂಬತ್ತು ಹೆಜ್ಜೆ.

“ಅಪ್ಪ! ಹುಳ?” ಎಂದಳು ಕೀರ್ತನ.

“ಪಕ್ಕದ್ಮನೆ ಚಿನ್ನಸ್ವಾಮಿಗೆ ಹೇಳ್ತೀನಿ. ಅವನು ಹಾಕ್ತಾನೆ ಸೊಪ್ಪು.”

“ಅವನು ತೆಳ್ಳಗೆ ಹಾಕ್ತಾನೆ.”

“ದಪ್ಪ ಹಾಕು ಅಂತ ಹೇಳ್ತೀನಿ ಕಣಮ್ಮಿ.”

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಆಂಬುಲೆನ್ಸು ಎಂದು ಡಾ. ಶ್ರೀಧರ್ ಬರೆದರು.

೨ ಫೆಬ್ರವರಿ, ಭಾನುವಾರ

ಒಂಬತ್ತರಿಂದ ಮುನಿಕೃಷ್ಣರಿಗೆ ಸಿರಿಂಜು ತುಂಬುವುದನ್ನು ಕಲಿಸಿದೆ. ಮೊದಲು ನೀರಿನಲ್ಲಿ. ಮೊದಲನೆಯದು ನಾಲ್ಕು ದಾಟಿ ನಾಲ್ಕೂವರೆ ಎಂಎಲ್‌ಗೆ ಹೋಯಿತು, ಎರಡನೆಯದರಲ್ಲಿ ಅರ್ಧ ಗಾಳಿ. ಹನ್ನೊಂದನೇ ಸಲಕ್ಕೆ ಗೆರೆಗೆ ಸರಿಯಾಗಿ ನಿಲ್ಲಿಸಿದರು. ಕೀರ್ತನ ಮಂಚದಿಂದ ನೋಡುತ್ತಾ, “ಅಪ್ಪ, ಗುಳ್ಳೆ ಐತೆ, ತಟ್ಟು” ಎಂದು ಹೇಳಿಕೊಡುತ್ತಿದ್ದಳು. ಮುನಿವೆಂಕಟಮ್ಮ ಬಂದು, “ಏನಪ್ಪಾ ಕಾಂಪೌಂಡರ್, ನಂಗೂ ಸೊಂಟನೋವು ಐತೆ, ಒಂದ್ ಡೋಸ್ ಹಾಕು” ಎಂದರು. ಮೊದಲ ಸಲ ಆ ಮನುಷ್ಯ ನಕ್ಕದ್ದನ್ನು ನೋಡಿದೆ.

ಆಮೇಲೆ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದರು. “ಮೇಡಂ, ಇದು ಸಾಲ್ದೆ ಹೋದ್ರೆ? ನಡುರಾತ್ರಿ ಆದ್ರೆ?” ನಡುವೆ ಕೊಡುವ ಡೋಸಿನ ವಿಷಯ ಮತ್ತೆ ಹೇಳಿದೆ, ಬರೆದೂ ಕೊಟ್ಟೆ. ನನ್ನ ನಂಬರು ಕೊಟ್ಟೆ. ಅವರ ಮನೆಯಲ್ಲಿ ಫೋನಿಗೆ ಸಿಗ್ನಲ್ಲು ಸಿಗಬೇಕಾದರೆ ಮಾಳಿಗೆ ಹತ್ತಬೇಕು. ನಮ್ಮ ಆಸ್ಪತ್ರೆಯ ಮನೆಭೇಟಿಯ ಗಾಡಿ ಆ ಕಡೆ ಹೋಗುವುದು ಶುಕ್ರವಾರ ಮಾತ್ರ. ಸೋಮವಾರದಿಂದ ಶುಕ್ರವಾರದವರೆಗೆ ನಾಲ್ಕು ರಾತ್ರಿ. ಅವರು ಕೈಗಳನ್ನೇ ನೋಡಿಕೊಳ್ಳುತ್ತಿದ್ದರು.

ಮೂರು ಗಂಟೆಗೆ ಅವಳ ತಲೆ ಬಾಚುತ್ತಿದ್ದೆ. ಕೀಮೋ ನಿಂತ ಮೇಲೆ ಬಂದ ಕೂದಲು ಬೆರಳುದ್ದ ಇದೆ. ಜಡೆಗೆ ಸಿಗುವುದಿಲ್ಲ, ಬಾಚಬಹುದು.

“ಸಿಸ್ಟರ್, ಮನೆಗೆ ಹೋದ್ಮೇಲೆ ಮತ್ತೆ ಇಲ್ಲಿಗೆ ವಾಪಸ್ ಬರ್ಬೇಕಾ?”

ಎಲ್ಲರಿಗೂ ಹೇಳುವ ಮಾತು ಇದಕ್ಕೂ ಒಂದಿದೆ. ಅದು ನಾಲಿಗೆಯ ತುದಿಗೆ ಬಂತು. “ನಾಳೆ ಹೇಳ್ತೀನಿ” ಎಂದೆ.

“ಈ ಸಲ ಸರಿಯಾಗಿ ಹೇಳಿ” ಎಂದಳು.

ತಾಯಿ ತಂದೆ ಇಬ್ಬರನ್ನೂ ಹೊರಗೆ ಕರೆದು ಕೇಳಿದೆ. ಭಾನುಪ್ರಿಯಾ ಸೆರಗಿನ ಅಂಚು ಮಡಚುತ್ತಾ, ಬಿಡಿಸುತ್ತಾ ಹೇಳಿದರು: “ಅವಳಿಗೆ ಗೊತ್ತು ಸಿಸ್ಟರ್. ಸ್ಕೂಲ್ ಬ್ಯಾಗನ್ನ ದೊಡ್ಡಪ್ಪನ ಮಗಳಿಗೆ ಕೊಡು ಅಂತ ಮೊನ್ನೆ ಅಂದ್ಳು. ನಮ್ಗೆ ಬಾಯಿ ಬರಲ್ಲ. ನೀವು ಹೇಳಿ. ನಾವು ಪಕ್ಕದಲ್ಲಿರ್ತೀವಿ.” ಮುನಿಕೃಷ್ಣ ತಲೆ ಎತ್ತದೆ ಹೂಂ ಎಂದರು.

ಸಂಜೆ ಮನೆಗೆ ಬಂದು ರಜೆಯ ಅರ್ಜಿ ಬರೆದೆ. ನಾಳೆಯಿಂದ ಶುಕ್ರವಾರದವರೆಗೆ, ಐದು ದಿನ. ಕಾರಣ ಎಂಬಲ್ಲಿ ಏನೂ ತುಂಬಿಲ್ಲ. ಡಾ. ಶ್ರೀಧರ್‌ಗೆ ಬಾಯಿಯಲ್ಲಿ ಹೇಳುತ್ತೇನೆ. ಒಪ್ಪದಿದ್ದರೆ ಏನು ಮಾಡುವುದೆಂದು ಯೋಚಿಸಿದೆ. ಒಪ್ಪದಿದ್ದರೂ ಆಂಬುಲೆನ್ಸು ಹತ್ತುತ್ತೇನೆ. ಕದಿರಮ್ಮನ ಮನೆಯಲ್ಲಿ ಎಲ್ಲಾದರೂ ಒಂದು ಚಾಪೆ ಹಾಸಿಕೊಂಡರಾಯಿತು. ಸಿರಿಂಜು ತುಂಬುವುದು ಮುನಿಕೃಷ್ಣರೇ. ನಾನು ಪಕ್ಕದಲ್ಲಿರುತ್ತೇನೆ, ಅಷ್ಟೆ.

ಅಮ್ಮನಿಗೆ ಕಾಗದದ ಮೇಲೆ ಬರೆದು ತೋರಿಸಿದೆ: ಐದು ದಿನ ಬರುವುದಿಲ್ಲ, ಒಂದು ಮಗುವಿನ ಮನೆಗೆ ಹೋಗುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಯಾರ ಮಗು ಎಂದು ಕೇಳಲಿಲ್ಲ. “ದಪ್ಪದ ರಗ್ಗು ತಗೊಂಡೋಗು, ಬೆಟ್ಟದ ಕಡೆ ಚಳಿ ಜಾಸ್ತಿ” ಎಂದಳು.

ಕೀರ್ತನಳಿಗೆ ಉತ್ತರವನ್ನು ಆಂಬುಲೆನ್ಸು ಬರುವ ಮೊದಲು, ಅವಳ ಮಂಚದ ಮೇಲೆಯೇ ಕೂತು ಹೇಳುತ್ತೇನೆ. ಇಲ್ಲ, ವಾಪಸ್ ಬರಬೇಕಾಗಿಲ್ಲ. ಯಾಕೆ ಎಂದು ಕೇಳಿದರೆ ಅದನ್ನೂ ಹೇಳುತ್ತೇನೆ. ಕೇಳದಿದ್ದರೆ ಅಷ್ಟಕ್ಕೇ ನಿಲ್ಲಿಸುತ್ತೇನೆ. ಅದರ ಮೇಲೆ ಇನ್ನೊಂದು ಮಾತು ಸೇರಿಸುವುದಿಲ್ಲ.